ಟೆರೇಸ್ ಕೆಳಗಿನ ಫ್ಲಾಟ್: ಬ್ರೋಷರಲ್ಲಿ ‘ಥರ್ಮಲ್ ಇನ್ಸುಲೇಟೆಡ್’ ಅಂತಿತ್ತು, ಅಗ್ರಿಮೆಂಟಲ್ಲಿ ಇಲ್ಲ. ಏನು ಕೇಳಬಹುದು?

ನಾಲ್ಕನೇ_ಮಹಡಿ
ಎಲ್ಲರಿಗೂ ನಮಸ್ಕಾರ. ಯಲಹಂಕದಾಚೆ ಒಂದು ಅಪಾರ್ಟ್‌ಮೆಂಟಲ್ಲಿ ಹೋದ ವರ್ಷ ಆಗಸ್ಟಲ್ಲಿ ಫ್ಲಾಟ್ ತಗೊಂಡ್ವಿ. ನಾಲ್ಕು ಮಹಡಿ, ನಮ್ಮದು ಕೊನೇದು, ತಲೆ ಮೇಲೆ ನೇರ ಟೆರೇಸ್. ಮಳೆಗಾಲ, ಚಳಿಗಾಲ ಏನೂ ಗೊತ್ತಾಗಲಿಲ್ಲ. ಮಾರ್ಚ್ ಬಂತು ನೋಡಿ, ಶುರುವಾಯ್ತು. ಸಂಜೆ ಆರಕ್ಕೆ ಹೊರಗೆ ತಂಗಾಳಿ, ಒಳಗೆ ಕಾವು. ರಾತ್ರಿ ಹನ್ನೊಂದಾದರೂ ಸೀಲಿಂಗಿಗೆ ಕೈ ಇಟ್ಟರೆ ಒಲೆ ಆರಿಸಿದ ಮೇಲಿನ ಕಾವಲಿ ಥರ. ಫ್ಯಾನ್ ಹಾಕಿದರೆ ಆ ಬಿಸಿಯನ್ನೇ ಕೆಳಗೆ ತಳ್ಳುತ್ತೆ. ನಮ್ಮತ್ತೆಗೆ ಎಪ್ಪತ್ತೆರಡು ವರ್ಷ, ಬಿಪಿ ಇದೆ. ಈಗ ಹಾಲ್‌ನಲ್ಲಿ ಬಾಲ್ಕನಿ ಬಾಗಿಲ ಹತ್ತಿರ ಚಾಪೆ ಹಾಕ್ಕೊಂಡು ಮಲಗ್ತಾರೆ.

ಬ್ರೋಷರಲ್ಲಿ ‘ಥರ್ಮಲ್ ಇನ್ಸುಲೇಟೆಡ್ ಟೆರೇಸ್’ ಅಂತ ದಪ್ಪಕ್ಷರದಲ್ಲಿತ್ತು. ನೆನ್ನೆ ಅಗ್ರಿಮೆಂಟ್ ತೆಗೆದು ನೋಡಿದೆ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ವಿಟ್ರಿಫೈಡ್ ಟೈಲ್ಸಿನ ಅಳತೆ ಇದೆ, ನಲ್ಲಿಯ ಕಂಪನಿ ಹೆಸರಿದೆ, ಸ್ವಿಚ್ಚಿನ ಕಂಪನಿ ಹೆಸರೂ ಇದೆ. ಟೆರೇಸ್ ಬಗ್ಗೆ ಇರೋದು ಒಂದೇ ಮಾತು: ‘ವಾಟರ್‌ಪ್ರೂಫಿಂಗ್ ಟ್ರೀಟ್‌ಮೆಂಟ್’. ಇನ್ಸುಲೇಶನ್ ಅನ್ನೋ ಪದವೇ ಇಲ್ಲ.

ಬಿಲ್ಡರ್ ಕಡೆಯವರನ್ನು ಕೇಳಿದರೆ “ಹಾಕಿದ್ದೀವಿ ಮೇಡಂ, ಒಳಗಿದೆ, ಕಾಣಲ್ಲ” ಅಂತಾರೆ. ಏನು ಹಾಕಿದ್ದೀರಿ, ಎಷ್ಟು ದಪ್ಪ ಅಂದರೆ ಉತ್ತರ ಇಲ್ಲ. ಇಂಥದ್ದನ್ನು ಬರೆದು ಕೊಡಲೇಬೇಕು ಅನ್ನೋ ನಿಯಮ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಜಯನಗರ_4ನೇ_ಬ್ಲಾಕ್
ಸೇಮ್ ಕಥೆ, ಏರಿಯಾ ಬೇರೆ ಅಷ್ಟೇ. ನಾವು ಎರಡು ಬೇಸಿಗೆ ಕಳೆದು ಎಸಿ ಹಾಕಿಸಿದ್ವಿ.

ಹಳೇಮೈಸೂರು
ಕ್ಷಮಿಸಿ ಸರ್, ನನ್ನ ಅಭಿಪ್ರಾಯ ಬೇರೆ. ಇನ್ಸುಲೇಶನ್ ಎಲ್ಲ ಹಿಮ ಬೀಳೋ ದೇಶದವರಿಗೆ. ಬೆಂಗಳೂರಿಗೆ ಬೇಕಾಗಿರೋದು ಎದುರುಬದುರು ಕಿಟಕಿ. ನಮ್ಮ ತಾತ ಕಟ್ಟಿಸಿದ ಮನೇಲಿ ಫ್ಯಾನೇ ಇರಲಿಲ್ಲ. ಈಗಿನವರು ಒಂದೇ ಕಡೆ ಕಿಟಕಿ ಇಟ್ಟು, ಅದಕ್ಕೂ ಗಾಜು ಜಡಿದು, ಆಮೇಲೆ ಸೆಕೆ ಸೆಕೆ ಅಂತಾರೆ.

ನಾಲ್ಕನೇ_ಮಹಡಿ
ಸರ್ ಅಲ್ಲ, ಮೇಡಂ. ನಮ್ಮ ಮನೆಗೆ ಮೂರು ಕಡೆ ಕಿಟಕಿ ಇದೆ. ಕೆಳಗಿನ ಮೂರನೇ ಮಹಡಿಯದು ನಮ್ಮದೇ ಪ್ಲಾನ್, ಅದೇ ಕಿಟಕಿಗಳು. ಅವರ ಮನೆಗೆ ಹೋದರೆ ಹಾಯ್ ಅನ್ಸುತ್ತೆ. ವ್ಯತ್ಯಾಸ ಇರೋದು ತಲೆ ಮೇಲೆ ಮಾತ್ರ.

ಕಲಬುರಗಿ_ಬಿಸಲು
@ಹಳೇಮೈಸೂರು ಹಿಮ ಬೀಳೋ ದೇಶಕ್ಕ ಅಷ್ಟೇ ಅಂತ ಯಾರ್ ಹೇಳ್ಯಾರ್ರಿ ನಿಮಗ? ಮೇ ತಿಂಗಳದಾಗ ಒಂದ್ ಸಲ ನಮ್ಮ ಕಡಿ ಬಂದು ಹೋಗ್ರಿ. ಹೊರಗ 43 ಡಿಗ್ರಿ ಇದ್ದಾಗ ಕಿಟಕಿ ತಗದ್ರ ಬರೋದು ಗಾಳಿ ಅಲ್ಲ, ಝಳ. ಹಗಲೆಲ್ಲ ಕಿಟಕಿ ಹಾಕ್ಕೊಂಡೇ ಕೂಡ್ತೀವಿ. ಆಗ ಛತ್ತ ಹ್ಯಾಂಗ ಅದ ಅನ್ನೋದರ ಮ್ಯಾಲೇ ಜೀವ. ನಮ್ಮ ಹಳೀ ಮನಿ ಶಹಾಬಾದ ಫರ್ಸಿ ಕಲ್ಲು, ಮ್ಯಾಲ ಮಣ್ಣು. ಒಳಗ ಹೊಕ್ಕರ ಮಧ್ಯಾಹ್ನ ನಿದ್ದಿ ಬರ್ತಿತ್ತು. ಹತ್ತು ವರ್ಷದ ಹಿಂದ ಕೆಡವಿ ಆರ್‌ಸಿಸಿ ಹಾಕಿಸಿದಿವಿ. ಈಗ ಕೂಲರ್ ಇಲ್ಲದ ಕೂಡಾಕ ಆಗಂಗಿಲ್ಲ.

ಸ್ಲ್ಯಾಬ್_ಲೆಕ್ಕ
ಸಿವಿಲ್ ಇಂಜಿನಿಯರ್ ನಾನು, ಕಟ್ಟಡಗಳ ವಿದ್ಯುತ್ ಖರ್ಚಿನ ಲೆಕ್ಕ ಮಾಡೋ ಕೆಲಸ. ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ.

ಯು-ವ್ಯಾಲ್ಯೂ ಅಂತ ಒಂದು ಅಳತೆ ಇದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ, ಒಂದು ಚದರ ಮೀಟರ್ ಛಾವಣಿ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತೆ ಅನ್ನೋದು. ಕಮ್ಮಿ ಇದ್ದಷ್ಟೂ ಒಳ್ಳೇದು. ಬರೀ 150 ಮಿಮೀ ಕಾಂಕ್ರೀಟ್ ಸ್ಲ್ಯಾಬಿಗೆ ಇದು ಸುಮಾರು 3.3 ಬರುತ್ತೆ. ಮೇಲೆ 100 ಮಿಮೀ ಬ್ರಿಕ್ ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರು ಹಾಸಿ ಗಾರೆ, ಹಾಕಿದರೆ 2.3 ಆಸುಪಾಸು. ಅದನ್ನೇ ‘ಇನ್ಸುಲೇಶನ್’ ಅಂತ ಹೇಳಿ ಮಾರೋರು ಬಹಳ ಜನ.

ವಸತಿ ಕಟ್ಟಡಗಳಿಗೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, 2018ರ ಡಿಸೆಂಬರಲ್ಲಿ ‘ಇಕೋ ನಿವಾಸ ಸಂಹಿತೆ’ ಅಂತ ಹೊರಡಿಸಿತು. ಅದರಲ್ಲಿ ಛಾವಣಿಯ ಯು-ವ್ಯಾಲ್ಯೂ 1.2 ದಾಟಬಾರದು. ಗೋಡೆ, ಕಿಟಕಿ ಎಲ್ಲ ಸೇರಿ ಒಳಬರುವ ಶಾಖಕ್ಕೆ ಇನ್ನೊಂದು ಮಿತಿ: ಚದರ ಮೀಟರಿಗೆ 15 ವ್ಯಾಟ್. ಬೆಂಗಳೂರಿನ ಸಮಶೀತೋಷ್ಣ ಹವೆಗೂ ಇದೇ ಮಿತಿ, ಹಾಗಾಗಿ ‘ಹಿಮ ಬೀಳೋ ದೇಶಕ್ಕೆ ಮಾತ್ರ’ ಅನ್ನೋದು ಸರಿಯಲ್ಲ.

ಮುಖ್ಯ ವಿಷಯ ಏನಂದ್ರೆ, 3.3 ಇರೋದನ್ನ 1.2ಕ್ಕೆ ಇಳಿಸೋಕೆ ಬೇಕಾಗಿರೋದು ಸುಮಾರು 20 ಮಿಮೀ ಒಳ್ಳೇ ಫೋಮ್ ಬೋರ್ಡ್. ನಿಮ್ಮ ಹೆಬ್ಬೆರಳಿನ ಅಗಲ ಇರಬಹುದು. 50 ಮಿಮೀ ಹಾಕಿದರೆ 0.5ರ ಸುತ್ತ ಬಂದುಬಿಡುತ್ತೆ.

ನಾಲ್ಕನೇ_ಮಹಡಿ
ಹೆಬ್ಬೆರಳಿನ ಅಗಲ! ಅಷ್ಟನ್ನು ಉಳಿಸೋಕೆ ಇಷ್ಟು ಗೋಳಾ? ಹಾಗಾದರೆ 1.2 ಅನ್ನೋದು ಕಾನೂನಾ ಈಗ? ನಾನು ಅದನ್ನೇ ಹಿಡಿದು ಕೇಳಬಹುದಾ?

ಸ್ಲ್ಯಾಬ್_ಲೆಕ್ಕ
ಇಲ್ಲೇ ತೊಡಕು. ಸಂಹಿತೆ ಬಂದಿದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ವಸತಿ ಕಟ್ಟಡಗಳಿಗೆ ಅಂತ. ಆದರೆ ಕೇಂದ್ರ ಬರೆದ ಸಂಹಿತೆ ತಾನಾಗೇ ನಿಮ್ಮ ಪಾಲಿಕೆಯ ನಕ್ಷೆ ಮಂಜೂರಾತಿ ಮೇಜಿಗೆ ಬರಲ್ಲ. ರಾಜ್ಯ ಅದನ್ನು ಅಧಿಸೂಚನೆ ಮಾಡಿ ಕಟ್ಟಡ ಬೈಲಾದಲ್ಲಿ ಸೇರಿಸಬೇಕು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಗಿ ವಸತಿ ಕಟ್ಟಡಗಳೂ ಅದರ ವ್ಯಾಪ್ತಿಗೆ ಬಂದವು. ಅಲ್ಲೂ ಸಂಪರ್ಕಿತ ಲೋಡ್ 100 ಕಿಲೋವ್ಯಾಟ್ ಅಥವಾ ಮೇಲ್ಪಟ್ಟು ಇರಬೇಕು ಅಂತ ಮಿತಿ ಇದೆ. ನಿಮ್ಮ ಇಡೀ ಕಟ್ಟಡದ ಲೋಡ್ ಎಷ್ಟು ಅಂತ ಬೆಸ್ಕಾಂ ಮಂಜೂರಾತಿ ಪತ್ರ ನೋಡಿ. ಜೊತೆಗೆ ಮಂಜೂರಾದ ನಕ್ಷೆಯ ಷರತ್ತುಗಳನ್ನು ಓದಿ. ಷರತ್ತಲ್ಲಿ ಇದ್ದರೆ ನಿಮ್ಮ ಕೈ ಮೇಲೆ.

ಡಲ್ಲಾಸ್_ದಾವಣಗೆರೆ
ದಾವಣಗೆರೆಯವನು, ಈಗ ಟೆಕ್ಸಾಸಲ್ಲಿ ಹದಿನೈದು ವರ್ಷ. ನಮ್ಮಲ್ಲಿ ಬೇಸಿಗೆ ಕಲಬುರಗಿಗೆ ಕಮ್ಮಿ ಇಲ್ಲ, ಹಾಗಾಗಿ ಈ ಪ್ರಶ್ನೆ ನನಗೆ ಹತ್ತಿರದ್ದು.

ಇಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಒಂದು ನಿಯಮ ಹೊರಡಿಸಿತು, ‘ಆರ್-ವ್ಯಾಲ್ಯೂ ರೂಲ್’ ಅಂತಾರೆ. ಆರ್ ಅಂದರೆ ಶಾಖವನ್ನು ಎಷ್ಟು ತಡೆಯುತ್ತೆ ಅನ್ನೋದು, ಮೇಲೆ ಹೇಳಿದ ಯು-ವಿನ ತಿರುವುಮುರುವು. ಅದರ ಪ್ರಕಾರ ಹೊಸ ಮನೆ ಮಾರೋನು ಮಾರಾಟದ ಕರಾರಿನಲ್ಲೇ ಬರೀಬೇಕು: ಮನೆಯ ಯಾವ ಭಾಗಕ್ಕೆ ಯಾವ ಬಗೆಯ ಇನ್ಸುಲೇಶನ್, ಎಷ್ಟು ದಪ್ಪ, ಆರ್-ವ್ಯಾಲ್ಯೂ ಎಷ್ಟು. ‘ವೆಲ್ ಇನ್ಸುಲೇಟೆಡ್’ ಅಂದರೆ ನಡೆಯಲ್ಲ. ಹಳೇ ಮನೆಗೆ ಹಾಕಿಸಿಕೊಂಡರೆ ಹಾಕಿದವನು ಸಹಿ ಮಾಡಿದ ರಸೀದಿ ಕೊಡಬೇಕು. ಅಟ್ಟದ ಮೇಲೆ ಊದಿ ತುಂಬೋ ಹತ್ತಿಯಂಥ ಸರಕಾದರೆ ಎಷ್ಟು ಚೀಲ ಖರ್ಚಾಯ್ತು ಅಂತಲೂ ಅದರಲ್ಲಿ ಇರಬೇಕು. ಯಾಕಂದ್ರೆ ಅದನ್ನು ಗಾಳಿ ತುಂಬಿ ಉಬ್ಬಿಸಿ ದಪ್ಪ ತೋರಿಸಬಹುದು, ಆಮೇಲೆ ಕುಸಿಯುತ್ತೆ. ಚೀಲದ ಲೆಕ್ಕ ಸುಳ್ಳು ಹೇಳಲ್ಲ.

ಈ ನಿಯಮ ಬಂದ ಕಾಲ ನೋಡಿ. ಎಪ್ಪತ್ತರ ದಶಕದಲ್ಲಿ ಎಣ್ಣೆ ಬೆಲೆ ಏರಿ ಎಲ್ಲರೂ ಇನ್ಸುಲೇಶನ್ ಹಾಕಿಸೋಕೆ ಓಡಿದರು, ಬಾಯಿಗೆ ಬಂದ ಹಾಗೆ ಹೇಳಿ ಮಾರೋರೂ ಹುಟ್ಟಿಕೊಂಡರು. ಗೋಡೆಯೊಳಗೆ ಸೇರಿದ ವಸ್ತುವನ್ನು ಕೊಂಡವನು ನೋಡೋಕಾಗಲ್ಲ. ನೋಡೋಕಾಗದ್ದನ್ನು ಬರೆಸಿಕೊಳ್ಳಬೇಕು.

ಹಳೇಮೈಸೂರು
ಎಲ್ಲದಕ್ಕೂ ಅಮೆರಿಕ ತಂದು ನಿಲ್ಲಿಸಬೇಡಿ. ಅಲ್ಲಿ ಮರದ ಹಲಗೆ ಮನೆ. ನಮ್ಮದು ಇಟ್ಟಿಗೆ, ಕಾಂಕ್ರೀಟು. ನೂರು ವರ್ಷ ಬಾಳೋದು.

ಡಲ್ಲಾಸ್_ದಾವಣಗೆರೆ
ಹಲಗೆ ಮನೆ ಅನ್ನೋದು ನಿಜ ಸರ್. ನಾನು ಹೇಳಿದ್ದು ಕಟ್ಟೋ ರೀತಿ ಬಗ್ಗೆ ಅಲ್ಲ, ಬರೆದು ಕೊಡೋ ರೀತಿ ಬಗ್ಗೆ. ನಲ್ಲಿಯ ಕಂಪನಿ ಹೆಸರು ಬರೆದವರಿಗೆ ಛಾವಣಿಯ ದಪ್ಪ ಬರೆಯೋಕೆ ಏನು ಕಷ್ಟ?

ಮಂಗ್ಳೂರು_ಮಳೆ
ಇದಕ್ಕೆಲ್ಲ ಇಷ್ಟು ತಲೆ ಕೆಡಿಸುದು ಯಾಕೆ ಮಾರಾಯ್ರೆ? ನಮ್ಮಲ್ಲಿ ಎಲ್ಲರ ಟೆರೇಸಿಗೂ ಶೀಟು ಉಂಟು. ಕಬ್ಬಿಣದ ಕಂಬ, ಮೇಲೆ ಶೀಟು, ಸುತ್ತ ಗಾಳಿ ಆಡುವ ಹಾಗೆ ಬಿಟ್ರೆ ಸೈ. ಬಿಸಿಲೂ ಬೀಳುದಿಲ್ಲ, ಮಳೆಗೆ ಸೋರುದೂ ಇಲ್ಲ, ಅಡಿಕೆ ಒಣಗಿಸ್ಲಿಕ್ಕೂ ಆಗ್ತದೆ.

ಜಯನಗರ_4ನೇ_ಬ್ಲಾಕ್
ಸ್ವಂತ ಮನೆಗೆ ಸರಿ. ಅಪಾರ್ಟ್‌ಮೆಂಟಲ್ಲಿ ಶೀಟು ಹಾಕಿದರೆ ಒಂದು ಮಹಡಿ ಜಾಸ್ತಿ ಕಟ್ಟಿದ್ದೀರಿ ಅಂತ ನೋಟಿಸ್ ಬರುತ್ತೆ. ಅಗ್ನಿಶಾಮಕದವರ ತಕರಾರು ಬೇರೆ.

ಗಾರೆ_ಕಂಟ್ರಾಕ್ಟರ್
ಅಣ್ಣಂದಿರೇ ಅಕ್ಕಂದಿರೇ, ಇಪ್ಪತ್ತೆರಡು ವರ್ಷದಿಂದ ಟೆರೇಸ್ ಕೆಲಸ ಮಾಡ್ತಿದ್ದೀನಿ. ನಾನು ಕಂಡಿದ್ದು ಹೇಳ್ತೀನಿ.

ಸೈಟಲ್ಲಿ ಕೊನೇಗೆ ಬರೋದು ಟೆರೇಸ್. ಅಷ್ಟೊತ್ತಿಗೆ ದುಡ್ಡು ಮುಗಿದಿರುತ್ತೆ, ಫ್ಲಾಟ್ ಹಸ್ತಾಂತರದ ದಿನ ತಲೆ ಮೇಲೆ ಬಂದಿರುತ್ತೆ. ಡ್ರಾಯಿಂಗಲ್ಲಿ ಬೋರ್ಡ್ ಅಂತ ಇದ್ದರೂ “ಈಗ ಸ್ಕ್ರೀಡ್ ಹಾಕಿ ಮುಚ್ಚಿಬಿಡು” ಅಂತಾರೆ. ಸ್ಕ್ರೀಡ್ ಅಂದರೆ ಬರೀ ಸಿಮೆಂಟ್ ಗಾರೆ ಪದರ. ನಾನೇ ಹಾಗೆ ಮುಚ್ಚಿದ್ದೀನಿ, ಸುಳ್ಳು ಯಾಕೆ ಹೇಳಲಿ. ಮೇಲೆ ಒಂದು ಕೋಟ್ ಬಿಳಿ ಬಣ್ಣ ಹೊಡೆದು ಫೋಟೋ ತೆಗೀತಾರೆ.

ಸರಿಯಾಗಿ ಮಾಡೋದಾದರೆ ಸ್ಲ್ಯಾಬ್ ಮೇಲೆ ಇಳಿಜಾರು, ಅದರ ಮೇಲೆ ವಾಟರ್‌ಪ್ರೂಫಿಂಗ್, ನೀರು ಕಟ್ಟಿ ಮೂರು ದಿನ ಪರೀಕ್ಷೆ, ಆಮೇಲೆ ಎಕ್ಸ್‌ಪಿಎಸ್ ಅನ್ನೋ ಗಟ್ಟಿ ಫೋಮ್ ಬೋರ್ಡ್, ಅದರ ಮೇಲೆ ಜಾಲರಿ ಇಟ್ಟು ಕಾಂಕ್ರೀಟ್, ಕೊನೇಗೆ ಟೈಲ್ಸ್. ಬೋರ್ಡ್ ಮೇಲಿದ್ದರೆ ಸ್ಲ್ಯಾಬೇ ಕಾಯಲ್ಲ, ಬಿರುಕೂ ಕಮ್ಮಿ. ಒಳಗಡೆ ಸೀಲಿಂಗಿಗೆ ಅಂಟಿಸಿದರೆ ಮನೆ ತಣ್ಣಗಿರಬಹುದು, ಆದರೆ ಸ್ಲ್ಯಾಬ್ ಬಿಸಿಲಲ್ಲಿ ಹಿಗ್ಗಿ ಕುಗ್ಗಿ ವಾಟರ್‌ಪ್ರೂಫಿಂಗ್ ಕಿತ್ತುಕೊಳ್ಳುತ್ತೆ.

ಥರ್ಮಾಕೋಲ್ ತಂದು ಎಕ್ಸ್‌ಪಿಎಸ್ ಅಂತ ತೋರಿಸ್ತಾರೆ, ಹುಷಾರು. ಥರ್ಮಾಕೋಲ್ ಮುರಿದರೆ ಮಣಿ ಮಣಿ ಉದುರುತ್ತೆ, ಕಾಲಿಟ್ಟರೆ ತಗ್ಗಾಗುತ್ತೆ, ನೀರು ಕುಡಿಯುತ್ತೆ. ಎಕ್ಸ್‌ಪಿಎಸ್ ಮುರಿದರೆ ಬ್ರೆಡ್ ಥರ ಒಂದೇ ಸಮ ಇರುತ್ತೆ.

ನಾಲ್ಕನೇ_ಮಹಡಿ
ಅಣ್ಣಾ, ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ನಮ್ಮದರಲ್ಲಿ ಏನಿದೆ ಅಂತ ಒಡೆಯದೆ ಗೊತ್ತು ಮಾಡ್ಕೊಳ್ಳೋಕೆ ದಾರಿ ಇದೆಯಾ?

ಗಾರೆ_ಕಂಟ್ರಾಕ್ಟರ್
ಮಳೆನೀರು ಪೈಪಿನ ಬಾಯಿ ಹತ್ತಿರ, ಇಲ್ಲಾ ಟ್ಯಾಂಕಿನ ಪೈಪು ಸ್ಲ್ಯಾಬ್ ದಾಟೋ ಕಡೆ ನೋಡಿ. ಅಲ್ಲಿ ಪದರ ಕಾಣುತ್ತೆ ಕೆಲವೊಮ್ಮೆ. ಕಾಣದಿದ್ದರೆ ಒಂದಡಿ ಚೌಕ ಕತ್ತರಿಸಿ ನೋಡಲೇಬೇಕು.

ಸ್ಲ್ಯಾಬ್_ಲೆಕ್ಕ
ಕತ್ತರಿಸೋ ಮುಂಚೆ ಉಷ್ಣತೆ ದಾಖಲೆ ಮಾಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಿಗುತ್ತೆ. ಕೋವಿಡ್ ಕಾಲದ ಜ್ವರ ನೋಡೋ ಗನ್ ಬೇಡ, ಅದು ಮೈಬಿಸಿಯ ಅಳತೆಗೆ ಮಾತ್ರ. ಏಳು ದಿನ, ಮಧ್ಯಾಹ್ನ ಮೂರು, ಸಂಜೆ ಏಳು, ರಾತ್ರಿ ಹನ್ನೊಂದು, ಸೀಲಿಂಗಿನ ಒಂದೇ ಜಾಗ. ಮೂರನೇ ಮಹಡಿಯವರ ಸೀಲಿಂಗೂ ಅಳೀರಿ. ಎರಡೂ ಪಕ್ಕಪಕ್ಕ ಇಟ್ಟರೆ ಯಾರೂ ‘ಬೆಂಗಳೂರಿಗೇ ಸೆಕೆ ಜಾಸ್ತಿಯಾಗಿದೆ’ ಅನ್ನೋಕಾಗಲ್ಲ.

ವಕೀಲಿ_ಕೈಪಿಡಿ
ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕರಣ ನೋಡ್ಕೊಳ್ಳೋನು ನಾನು. ಇಲ್ಲಿ ಎರಡು ದಾರಿ ಬೆರೆಸಬೇಡಿ.

ಒಂದು, 2016ರ ರೇರಾ ಕಾಯ್ದೆಯ 14(3)ನೇ ಕಲಂ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷ, ಕೆಲಸದ ಗುಣಮಟ್ಟದ ದೋಷ ತೋರಿಸಿದರೆ ಪ್ರವರ್ತಕ (ಅಂದರೆ ಬಿಲ್ಡರ್) 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಇದಕ್ಕೆ ಅವರು “ಅಗ್ರಿಮೆಂಟಲ್ಲಿ ಇನ್ಸುಲೇಶನ್ ಇಲ್ಲವಲ್ಲ, ಇಲ್ಲದ್ದು ದೋಷ ಹೇಗೆ” ಅಂತ ವಾದ ಹೂಡ್ತಾರೆ.

ಎರಡು, 12ನೇ ಕಲಂ. ಜಾಹೀರಾತು ಅಥವಾ ವಿವರಪತ್ರಿಕೆಯಲ್ಲಿ ಸುಳ್ಳು ಮಾತು ನಂಬಿ ದುಡ್ಡು ಕಟ್ಟಿ ನಷ್ಟ ಅನುಭವಿಸಿದವರಿಗೆ ಪರಿಹಾರ. ನಿಮ್ಮ ಬ್ರೋಷರ್ ಇಲ್ಲಿ ಚಿನ್ನ. ಕಾಗದದ್ದು ಇದೆಯಾ? ವಾಟ್ಸಾಪಲ್ಲಿ ಬಂದ ಪಿಡಿಎಫ್ ಇದ್ದರೆ ಬಂದ ದಿನಾಂಕ ಸಮೇತ ಉಳಿಸಿ. ಈ ಪರಿಹಾರದ ಅರ್ಜಿ ಹೋಗೋದು ನ್ಯಾಯನಿರ್ಣಯ ಅಧಿಕಾರಿಗೆ.

ಎಲ್ಲಕ್ಕಿಂತ ಮೊದಲು 19(1) ಬಳಸಿ ಒಂದು ಪತ್ರ ಬರೀರಿ. ಮಂಜೂರಾದ ನಕ್ಷೆ, ಅದರ ಜೊತೆಗಿನ ಸ್ಪೆಸಿಫಿಕೇಶನ್ ಕೇಳೋ ಹಕ್ಕು ಕೊಂಡವರಿಗಿದೆ. “ಛಾವಣಿಯ ಪದರಗಳೇನು, ಪ್ರತಿಯೊಂದರ ವಸ್ತು ಮತ್ತು ದಪ್ಪ ತಿಳಿಸಿ” ಅಂತ ಒಂದೇ ವಾಕ್ಯ ಸಾಕು. ರಿಜಿಸ್ಟರ್ಡ್ ಪೋಸ್ಟ್, ಜೊತೆಗೆ ಇಮೇಲ್. ಫೋನಲ್ಲಿ ಮಾತಾಡಬೇಡಿ.

ಎರಡನೇ_ಮಹಡಿ_ಮಾಲೀಕ
ನಮ್ಮ ಅಪಾರ್ಟ್‌ಮೆಂಟಲ್ಲೂ ಇದೇ ಜಗಳ ನಡೀತಿದೆ, ಹಾಗಾಗಿ ಇನ್ನೊಂದು ಕಡೆಯವರ ಮಾತೂ ಕೇಳಿ. ಮೇಲಿನವರು ಎಲ್ಲರ ಮೆಂಟೆನೆನ್ಸ್ ದುಡ್ಡಲ್ಲಿ ಟೆರೇಸಿಗೆ ಇನ್ಸುಲೇಶನ್ ಹಾಕಿಸಿ ಅಂತಿದ್ದಾರೆ. ತಂಪಾಗೋದು ಅವರ ನಾಲ್ಕು ಮನೆ. ನಾವು ಹನ್ನೆರಡು ಮನೆಯವರು ಯಾಕೆ ಕೊಡಬೇಕು? ಟೆರೇಸ್ ಕೆಳಗಿನ ಮನೆ ಅಂತ ಗೊತ್ತಿದ್ದೇ ತಾನೇ ತಗೊಂಡಿದ್ದು?

ಜಯನಗರ_4ನೇ_ಬ್ಲಾಕ್
ಲಿಫ್ಟ್ ರಿಪೇರಿಗೆ ನೆಲಮಹಡಿಯವರೂ ಕೊಡ್ತಾರಲ್ಲ.

ವಕೀಲಿ_ಕೈಪಿಡಿ
@ಎರಡನೇ_ಮಹಡಿ_ಮಾಲೀಕ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಛಾವಣಿ ಸಾಮಾನ್ಯ ಪ್ರದೇಶ. ಅದು ಮೇಲಿನ ನಾಲ್ಕು ಮನೆಯವರ ಆಸ್ತಿ ಅಲ್ಲ, ಅವರಿಗೆ ತಮ್ಮಿಷ್ಟಕ್ಕೆ ಅಗೆಯುವ ಹಕ್ಕೂ ಇಲ್ಲ. ಹಕ್ಕು ಸಾಮಾನ್ಯ ಆದಮೇಲೆ ಹೊಣೆಯೂ ಸಾಮಾನ್ಯ. ಆದರೆ ಇದ್ದದ್ದನ್ನು ಕಾಪಾಡೋದು ಬೇರೆ, ಹೊಸದಾಗಿ ಸೇರಿಸೋದು ಬೇರೆ. ಸೇರಿಸೋಕೆ ಸಭೆಯ ಒಪ್ಪಿಗೆ ಬೇಕು. ಅದಕ್ಕೇ ಮೊದಲು ಬಿಲ್ಡರನ್ನು ಹಿಡಿಯಿರಿ ಅನ್ನೋದು.

ಎರಡನೇ_ಮಹಡಿ_ಮಾಲೀಕ
ಬಿಲ್ಡರ್ ಕೊಟ್ಟರೆ ನನ್ನ ಅಭ್ಯಂತರ ಏನೂ ಇಲ್ಲ. ಆ ಪತ್ರಕ್ಕೆ ನಾನೂ ಸಹಿ ಹಾಕ್ತೀನಿ.

ಬಾಡಿಗೆ_ಮನೆ
ನೀವೆಲ್ಲ ಕೊಂಡವರ ಮಾತಾಡ್ತಿದ್ದೀರಿ. ಬಾಡಿಗೆಯವರ ಪಾಡು ಯಾರೂ ಕೇಳಲ್ಲ. ರಾಯಚೂರಲ್ಲಿ ಮೂರನೇ ಮಹಡಿ ಒಂಟಿ ರೂಮು, ಸುತ್ತಲೂ ಬಿಸಿಲು. ಜನವರಿಯಲ್ಲಿ ನೋಡಿದಾಗ “ಗಾಳಿ ಬೆಳಕು ಚೆನ್ನಾಗಿದೆ” ಅಂದರು. ಏಪ್ರಿಲಿಂದ ಕೂಲರ್ ಹಗಲು ರಾತ್ರಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ತಾನೇ? ಚಳಿಗಾಲದಲ್ಲಿ ಸೊನ್ನೆ ಬಿಲ್, ಮೇ ತಿಂಗಳಲ್ಲಿ ಎರಡು ಸಾವಿರದ ಹತ್ತಿರ. ಮಾಲೀಕರಿಗೆ ಛಾವಣಿ ಸರಿ ಮಾಡಿಸಿದರೆ ಲಾಭ ಇಲ್ಲ, ಬಿಲ್ ಕಟ್ಟೋದು ನಾನು. ನನಗೆ ಛಾವಣಿ ಮೇಲೆ ಹಕ್ಕಿಲ್ಲ.

ಮ್ಯೂನಿಕ್_ತೀರ್ಥಹಳ್ಳಿ
@ಬಾಡಿಗೆ_ಮನೆ ಜರ್ಮನಿಯಲ್ಲಿ ಇದಕ್ಕೊಂದು ಕಾಗದ ಇದೆ, ಎನರ್ಗೀ-ಆಸ್‌ವೈಸ್ ಅಂತಾರೆ. ಮನೆ ನೋಡೋಕೆ ಹೋದಾಗಲೇ ಬಾಡಿಗೆಗೆ ಕೊಡೋನು ಅದನ್ನು ತೋರಿಸಬೇಕು, ಕೇಳದಿದ್ದರೂ. ಹಸಿರಿನಿಂದ ಕೆಂಪಿಗೆ ಹೋಗೋ ಪಟ್ಟಿ, ಎ ಪ್ಲಸ್‌ನಿಂದ ಎಚ್ ತನಕ. ಹತ್ತು ವರ್ಷ ಅದರ ಅವಧಿ.

ಅದರಲ್ಲೂ ಎರಡು ಜಾತಿ. ಒಂದು ಕಟ್ಟಡದ ಗೋಡೆ, ಛಾವಣಿ, ಕಿಟಕಿ ಲೆಕ್ಕ ಹಾಕಿ ಕೊಡೋದು. ಇನ್ನೊಂದು ಹಿಂದೆ ಇದ್ದವರು ಎಷ್ಟು ಶಾಖ ಬಳಸಿದರು ಅನ್ನೋ ಬಿಲ್ ನೋಡಿ ಕೊಡೋದು. ಎರಡನೇದನ್ನು ನಂಬಿ ನಾನು ಮೋಸ ಹೋದೆ. ಹಿಂದೆ ಇದ್ದವರು ವರ್ಷದಲ್ಲಿ ಅರ್ಧ ಊರಲ್ಲೇ ಇರುತ್ತಿರಲಿಲ್ಲವಂತೆ, ಕಾಗದದಲ್ಲಿ ಮನೆ ಚಂದ ಕಾಣ್ತು. ಮೊದಲ ಚಳಿಗಾಲದಲ್ಲಿ ಉತ್ತರದ ಗೋಡೆಗೆ ಬೂಷ್ಟು. ನಮ್ಮೂರ ಆಷಾಢ ನೆನಪಾಯ್ತು. ಕಾಗದ ಬಂದ ಮಾತ್ರಕ್ಕೆ ಮುಗೀಲಿಲ್ಲ, ಅದರಲ್ಲಿ ಯಾವ ಅಂಕಿ ಇದೆ ಅನ್ನೋದು ನೋಡಬೇಕು.

ಲಂಡನ್_ಧಾರವಾಡ
ಇಂಗ್ಲೆಂಡಿನಾಗೂ ಹಂಗ ಐತ್ರಿ, ಇಪಿಸಿ ಅಂತಾರ. ಎ ಇಂದ ಜಿ ಮಟ. 2018ರ ಏಪ್ರಿಲಿಂದ ಹೊಸ ಬಾಡಿಗಿ ಕರಾರಿಗೆ, 2020ರಿಂದ ಎಲ್ಲಾ ಬಾಡಿಗಿ ಮನಿಗೂ ಕನಿಷ್ಠ ‘ಇ’ ದರ್ಜೆ ಇರಬೇಕು, ಕೆಲವು ವಿನಾಯಿತಿ ಬಿಟ್ಟು.

ಆದ್ರ ನಾ ಹೇಳಬೇಕಾಗಿದ್ದು ಬ್ಯಾರೆ. ಇನ್ಸುಲೇಶನ್ ಹಾಕ್ರಿ ಹಾಕ್ರಿ ಅಂತ ಎಲ್ಲಾರೂ ಹೇಳಾಕತ್ತೀರಿ. ಬೆಂಕಿ ಬಗ್ಗೆ ಒಬ್ಬರೂ ಮಾತಾಡವಲ್ರಿ. 2017ರ ಜೂನ್ 14, ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನೋ ಎತ್ತರದ ವಸತಿ ಕಟ್ಟಡಕ್ಕ ಬೆಂಕಿ ಬಿತ್ತು. 72 ಮಂದಿ ಸತ್ತರು. ಹೊರಗೋಡಿಗೆ ಹಾಕಿದ್ದ ಹೊದಿಕಿ, ಅದರ ಹಿಂದಿನ ಫೋಮು, ಎರಡೂ ಉರದ್ವು. 2024ರ ಸೆಪ್ಟೆಂಬರದಾಗ ವಿಚಾರಣಾ ವರದಿ ಬಂತು. ಸರಕು ಮಾರಿದವರು ಬೆಂಕಿ ಪರೀಕ್ಷಾದ ವಿಷಯದಾಗ ಮಂದಿನ್ನ ದಾರಿ ತಪ್ಪಿಸಿದ್ರು ಅಂತ ಅದರಾಗ ಸ್ಪಷ್ಟ ಬರದಾರ. ಆರ್-ವ್ಯಾಲ್ಯೂ ಬರಸ್ಕೊಂಡಂಗ ಇದು ಹ್ಯಾಂಗ ಉರೀತದ ಅನ್ನೋದನ್ನೂ ಬರಸ್ಕೋಬೇಕ್ರಿ. ನಾ ಆ ಮುಂಜಾನೆ ಕೆಲಸಕ್ಕ ಹೋಗೋ ಟ್ರೇನಿನ ಕಿಟಕಿಯಿಂದ ಆ ಹೊಗಿ ನೋಡೇನಿ. ಮರಿಯೂದಾಗೂದಿಲ್ಲ.

ಸ್ಲ್ಯಾಬ್_ಲೆಕ್ಕ
ಅಗತ್ಯವಾದ ಮಾತು ಸರ್. ಒಂದು ವ್ಯತ್ಯಾಸ ಸೇರಿಸ್ತೀನಿ: ಟೆರೇಸ್ ಮೇಲೆ ಎರಡು ಇಂಚು ಕಾಂಕ್ರೀಟಿನ ಕೆಳಗೆ ಹೂತ ಬೋರ್ಡಿಗೂ, ಹೊರಗೋಡೆಯಲ್ಲಿ ಗಾಳಿ ಸಂದಿಯೊಳಗೆ ನೇತಾಡೋ ಫೋಮಿಗೂ ಅಪಾಯ ಒಂದೇ ಅಲ್ಲ. ಸಂದಿ ಚಿಮಣಿಯಂತೆ ಬೆಂಕಿಯನ್ನು ಮೇಲಕ್ಕೆಳೆಯುತ್ತೆ. ಆದರೆ ಒಳಸೀಲಿಂಗಿಗೆ ಬರೀ ಫೋಮ್ ಅಂಟಿಸಿ ಹಾಗೇ ಬಿಡೋದು, ಟೆರೇಸ್ ಶೀಟಿನ ಕೆಳಗೆ ಮುಚ್ಚದೆ ಸ್ಪ್ರೇ ಫೋಮ್ ಹೊಡೆಸೋದು, ಇವೆರಡೂ ಬೇಡವೇ ಬೇಡ. ಒಳಗಡೆಯೇ ಹಾಕಬೇಕಾದರೆ ಉರಿಯದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಕಿ ಜಿಪ್ಸಮ್ ಬೋರ್ಡ್ ಮುಚ್ಚಿ.

ಬಳ್ಳಾರಿ_ಮಾಳಿಗೆ
ನಮ್ಮ ಕಡೆ ಮೇಲ್ಮುದ್ದೆ ಮನೆ ಇದ್ವು. ತೊಲೆ, ಜಂತೆ, ಮೇಲೆ ಸೊಪ್ಪು ಸದೆ, ಅದರ ಮೇಲೆ ಗೇಣು ದಪ್ಪ ಮಣ್ಣು, ಕೊನೇಗೆ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ವರ್ಷಾ ವರ್ಷ ಮುದ್ದೆ ಹಾಕೋದು ಒಂದು ಹಬ್ಬ. ಆ ಮನೆ ತಣ್ಣಗೆ ಇದ್ದಿದ್ದು ದಪ್ಪದಿಂದ, ಹಗುರಾದ ಸೊಪ್ಪಿನ ಪದರದಿಂದ. ಅಜ್ಜ ಮನೆ ಕಟ್ಟಿಸುವಾಗ ಮಣ್ಣು ಎಷ್ಟು ಗೇಣು ಅಂತ ತಾನೇ ಅಳೆದು ನೋಡ್ತಿದ್ದ. ಈಗ ಮಣ್ಣು ಹೊತ್ತು ಹಾಕೋರಿಲ್ಲ, ತೊಲೆಗೆ ಮರ ಇಲ್ಲ, ಸರಿ. ಆದರೆ ಅಳೆದು ನೋಡೋ ಪದ್ಧತಿಯನ್ನೂ ಬಿಟ್ಟುಬಿಟ್ವಲ್ಲ.

ಕಲಬುರಗಿ_ಬಿಸಲು
ಖರೇ ಮಾತ್ರಿ ಅಣ್ಣಾರ. ನಮ್ಮವ್ವ ಇನ್ನೂ ಆ ಮನಿ ನೆನಿಸಿ ಕಣ್ಣಾಗ ನೀರು ತರತಾಳ.

ಜಯನಗರ_4ನೇ_ಬ್ಲಾಕ್
ಮಣ್ಣಿನ ಇಟ್ಟಿಗೆ ಮನೆ ಈಗ ಮತ್ತೆ ಫ್ಯಾಷನ್. ಅದು ತಂಪು ಅಂತಾರಲ್ಲ?

ಸ್ಲ್ಯಾಬ್_ಲೆಕ್ಕ
ಐಐಎಸ್ಸಿಯ ‘ಅಸ್ತ್ರ’ ಕೇಂದ್ರ ಎಪ್ಪತ್ತರ ದಶಕದಿಂದ ಒತ್ತುಮಣ್ಣಿನ ಇಟ್ಟಿಗೆ ಮೇಲೆ ದೊಡ್ಡ ಕೆಲಸ ಮಾಡಿದೆ. ಅದರ ದೊಡ್ಡ ಲಾಭ ಸುಡೋ ಇಂಧನ ಉಳಿಯೋದು. ಶಾಖ ತಡೆಯೋದರಲ್ಲಿ ಅದು ಸುಟ್ಟ ಇಟ್ಟಿಗೆಯ ಆಸುಪಾಸೇ. ಗೋಡೆಯಲ್ಲಿ ದೊಡ್ಡ ವ್ಯತ್ಯಾಸ ಮಾಡೋದು ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ಇರೋ ಹಗುರ ಕಾಂಕ್ರೀಟ್ ಬ್ಲಾಕ್: 200 ಮಿಮೀ ಗೋಡೆಗೆ ಯು-ವ್ಯಾಲ್ಯೂ 0.8ರ ಸುತ್ತ. ಅದೇ ದಪ್ಪದ ಸಾಲಿಡ್ ಕಾಂಕ್ರೀಟ್ ಬ್ಲಾಕಿಗೆ 2.8ರ ಮೇಲೆ. ಈಗಿನ ಎತ್ತರದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆಯನ್ನೂ ಎರಕ ಹೊಯ್ತಾರಲ್ಲ, ‘ಮೈವಾನ್’ ಅಂತ, ಅದರ 160 ಮಿಮೀ ಗೋಡೆ 3.5ರ ಮೇಲೆ. ಅಂಥ ಕಟ್ಟಡದಲ್ಲಿ ಪಶ್ಚಿಮದ ಬೆಡ್‌ರೂಮ್ ತಗೊಳ್ಳೋ ಮುಂಚೆ ಸಂಜೆ ಐದಕ್ಕೆ ಹೋಗಿ ಗೋಡೆ ಮುಟ್ಟಿ ನೋಡಿ.

ಟೆಕ್ಕಿ_ಮಾರತಹಳ್ಳಿ
ಬಿಳಿ ಬಣ್ಣ ಸಾಕು ಅಂತ ಎಲ್ಲಾ ಕಡೆ ಹೇಳ್ತಾರೆ. ಚದರಡಿಗೆ 28 ರೂಪಾಯಿಯಲ್ಲಿ ಮಾಡಿಸಿದೆ, ನಿಜವಾಗ್ಲೂ ವ್ಯತ್ಯಾಸ ಗೊತ್ತಾಯ್ತು. ಸುಮ್ಮನೆ ಲಕ್ಷ ಲಕ್ಷ ಯಾಕೆ?

ಗಾರೆ_ಕಂಟ್ರಾಕ್ಟರ್
ಮೊದಲ ವರ್ಷ ಚೆನ್ನಾಗಿರುತ್ತೆ. ಬೆಂಗಳೂರಿನ ಧೂಳಿಗೆ ಎರಡನೇ ಬೇಸಿಗೆಗೆ ಬೂದಿ ಬಣ್ಣ. ವರ್ಷಕ್ಕೊಮ್ಮೆ ಉಜ್ಜಿ ತೊಳೀಬೇಕು. ಮಂಗಳೂರಲ್ಲಾದರೆ ಪಾಚಿ.

ಸ್ಲ್ಯಾಬ್_ಲೆಕ್ಕ
ತೊಳೆಯೋರಿದ್ದರೆ ಬಿಳಿ ಬಣ್ಣ ಒಳ್ಳೇ ಮೊದಲ ಹೆಜ್ಜೆ, ತಳ್ಳಿಹಾಕಬೇಡಿ. ತೆಲಂಗಾಣ 2023ರಲ್ಲಿ ಕೂಲ್ ರೂಫ್, ಅಂದರೆ ಬಿಸಿಲನ್ನು ವಾಪಸ್ ಕಳಿಸೋ ಛಾವಣಿಯ ನೀತಿ ತಂದಿತು. 600 ಚದರ ಗಜ ಅಥವಾ ಮೇಲ್ಪಟ್ಟ ನಿವೇಶನದ ಮನೆಗಳಿಗೆ ಕಡ್ಡಾಯ ಅಂತ. ಪಕ್ಕದ ರಾಜ್ಯವೇ ಮಾಡಿದ ಮೇಲೆ ನಮ್ಮ ಕಲಬುರಗಿ, ರಾಯಚೂರಿಗೆ ಯಾಕಾಗಬಾರದು ಅಂತ ನಾನು ಕೇಳ್ತಾನೇ ಇದ್ದೀನಿ.

ಇನ್ನೊಂದು ಎಚ್ಚರಿಕೆ. ಅಂಗಡಿಯವರು ‘ಆರ್-10 ಬೋರ್ಡ್’ ಅಂತ ತೋರಿಸ್ತಾರೆ. ಅದು ಅಮೆರಿಕದ ಮಾನ. ನಮ್ಮ ಮೆಟ್ರಿಕ್ ಲೆಕ್ಕಕ್ಕೆ 5.68ರಿಂದ ಭಾಗಿಸಬೇಕು, ಆಗ 1.76. ಅಂಕಿ ಮುಂದೆ ಮಾನ ಬರೆಸಿಕೊಳ್ಳದೆ ಯಾವ ಅಂಕಿಯನ್ನೂ ನಂಬಬೇಡಿ. ದಪ್ಪ, ವಸ್ತು, ಸಾಂದ್ರತೆ, ಮೂರೂ ಬಿಲ್‌ನಲ್ಲಿ ಇರಲಿ.

ಡಲ್ಲಾಸ್_ದಾವಣಗೆರೆ
ಹೌದು. ನಮ್ಮನೆ ಅಟ್ಟದ ಚೀಟಿಯಲ್ಲಿ ಆರ್-38 ಇದೆ, ಮೆಟ್ರಿಕಲ್ಲಿ 6.7 ಮಾತ್ರ.

ಮಂಗ್ಳೂರು_ಮಳೆ
ನಮ್ಮಲ್ಲಿ ಸೆಕೆಗಿಂತ ಬೆವರು ಜಾಸ್ತಿ. ರಾತ್ರಿಯೂ ತಂಪಾಗುದಿಲ್ಲ. ಅಲ್ಲಿ ಕಾವು ಒಳಗೆ ಬಂದ್ರೆ ಹೊರಗೆ ಹೋಗುದೇ ಇಲ್ಲ, ಹಾಗಾಗಿ ಶೀಟು ಒಂದೇ ಸಾಲುದಿಲ್ಲ ಅಂತ ಈಗ ಅನ್ನಿಸ್ತದೆ. ಹಂಚಿನ ಮನೆಗೆ ಅಟ್ಟ ಇತ್ತಲ್ಲ, ಆ ಅಟ್ಟವೇ ಇನ್ಸುಲೇಶನ್ ಅಂತ ಇವತ್ತು ಗೊತ್ತಾಯ್ತು.

ಹಳೇಮೈಸೂರು
ಅಟ್ಟದ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ತಾತನ ಮನೆಗೂ ಮದ್ರಾಸ್ ಟೆರೇಸ್, ಮರದ ತೊಲೆ ಮೇಲೆ ಇಟ್ಟಿಗೆ, ಅಡಿಯಷ್ಟು ದಪ್ಪ ಗಾರೆ. ಫ್ಯಾನ್ ಬೇಡದೇ ಇದ್ದಿದ್ದಕ್ಕೆ ಕಿಟಕಿ ಒಂದೇ ಕಾರಣ ಅಲ್ಲ ಅಂತ ಒಪ್ಕೋತೀನಿ. ಆದರೂ ಕಿಟಕಿ ಬಿಡಬೇಡಿ.

ನಾಲ್ಕನೇ_ಮಹಡಿ
ಮೂರು ವಾರ ಆಯ್ತು, ಆಗಿದ್ದು ತಿಳಿಸ್ತೀನಿ.

ಏಳು ದಿನ ಅಳೆದೆ. ರಾತ್ರಿ ಹನ್ನೊಂದಕ್ಕೆ ನಮ್ಮ ಸೀಲಿಂಗ್ ಸರಾಸರಿ 36, ಮೂರನೇ ಮಹಡಿಯವರದು 30. ಸಂಜೆ ಏಳಕ್ಕೆ ನಮ್ಮದು 39 ಮುಟ್ಟಿದ ದಿನವೂ ಇದೆ. ಪಟ್ಟಿ ಬರೆದು ಕೆಳಗಿನ ಮನೆಯವರ ಸಹಿ ಹಾಕಿಸಿದೆ.

ಪತ್ರಕ್ಕೆ ಹದಿಮೂರನೇ ದಿನ ಉತ್ತರ ಬಂತು: “ಮೇಲ್ಛಾವಣಿಗೆ ಉದ್ಯಮದ ಗುಣಮಟ್ಟದ ಉಷ್ಣ ನಿರೋಧಕ ವ್ಯವಸ್ಥೆ ಅಳವಡಿಸಲಾಗಿದೆ.” ವಸ್ತು ಇಲ್ಲ, ದಪ್ಪ ಇಲ್ಲ. ಅಸೋಸಿಯೇಷನ್ ಸಭೆಯಲ್ಲಿ ಆ ಸಾಲನ್ನು ಜೋರಾಗಿ ಓದಿದೆ. ನಮ್ಮ ಪರ ಇಲ್ಲದವರೂ “ಹಾಗಾದರೆ ಒಡೆದು ನೋಡೋಣ” ಅಂದರು. ಬಿಲ್ಡರಿಗೆ ತಿಳಿಸಿ, ಅವರ ಇಂಜಿನಿಯರ್ ಎದುರಲ್ಲೇ, ಮೊನ್ನೆ ಭಾನುವಾರ ಒಂದಡಿ ಚೌಕ ಕತ್ತರಿಸಿದ್ವಿ. ಮೇಲೆ ಬಿಳಿ ಬಣ್ಣ. ಕೆಳಗೆ 40 ಮಿಮೀ ಸಿಮೆಂಟ್ ಸ್ಕ್ರೀಡ್. ಅದರ ಕೆಳಗೆ ಕಪ್ಪು ಹಾಳೆ. ಅದರ ಕೆಳಗೆ ಸ್ಲ್ಯಾಬ್. ಅಷ್ಟೇ.

ನಮ್ಮತ್ತೆ ಮೆಟ್ಟಿಲು ಹತ್ತಿ ಬಂದು ನೋಡಿ, “ಇಷ್ಟೇನಾ?” ಅಂದರು. ಆ ಇಂಜಿನಿಯರ್ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ತಪ್ಪಲ್ಲ ಪಾಪ.

ವಕೀಲಿ_ಕೈಪಿಡಿ
ಫೋಟೋದಲ್ಲಿ ಅಳತೆ ಟೇಪ್ ಕಾಣಬೇಕು, ದಿನಾಂಕ ಇರಬೇಕು. ಅಲ್ಲಿದ್ದ ಎಲ್ಲರ ಸಹಿಯಿರೋ ಮಹಜರು ಥರದ ಒಂದು ಪುಟ ಮಾಡಿದ್ದೀರಾ? ಇಂಜಿನಿಯರ್ ಸಹಿ ಹಾಕದಿದ್ದರೆ ‘ಹಾಜರಿದ್ದರು, ಸಹಿ ಹಾಕಲಿಲ್ಲ’ ಅಂತ ಬರೀರಿ. ಅವರು ‘ಅಳವಡಿಸಲಾಗಿದೆ’ ಅಂತ ಬರೆದು ಕೊಟ್ಟಿದ್ದು ನಿಮಗೆ ಬಹಳ ಒಳ್ಳೇದಾಯ್ತು. ಇನ್ನು 12ನೇ ಕಲಂ ಅರ್ಜಿ ಹಾಕಿ.

ನಾಲ್ಕನೇ_ಮಹಡಿ
ಪುಟ ಮಾಡಿದ್ದೀವಿ, ಆ ಹುಡುಗ ಸಹಿ ಹಾಕಿದ. ನಮ್ಮ ಮಹಡಿಯ ನಾಲ್ಕೂ ಮನೆಯವರು ಒಟ್ಟಿಗೆ ಅರ್ಜಿ ಹಾಕ್ತಿದ್ದೀವಿ. ಬೋರ್ಡ್ ಹಾಕಿಸೋಕೆ ಚದರಡಿಗೆ 190 ಅಂತ ಅಂದಾಜು ತಂದಿದ್ದೀವಿ, ಅದನ್ನೂ ಲಗತ್ತಿಸ್ತೀವಿ.

ಗಾರೆ_ಕಂಟ್ರಾಕ್ಟರ್
ಅಕ್ಕಾ, ಆ ಒಂದಡಿ ಗುಂಡಿ ಮೊದಲು ಮುಚ್ಚಿಸಿ. ಕಪ್ಪು ಹಾಳೆ ಕತ್ತರಿಸಿದ್ದೀರಿ. ಈ ವಾರ ಗುಡುಗು ಮಳೆ ಶುರುವಾದರೆ ಸೀದಾ ನಿಮ್ಮ ಸೀಲಿಂಗಿಗೇ ಇಳಿಯುತ್ತೆ. ಹಾಳೆ ಸುತ್ತಲೂ ಅರ್ಧ ಅಡಿ ಒಂದರ ಮೇಲೊಂದು ಬರೋ ಹಾಗೆ ಹಚ್ಚಿಸಿ, ಮೇಲೆ ಗಾರೆ ಹಾಕಿ ಎರಡು ದಿನ ನೀರು ನಿಲ್ಲಿಸಿ ನೋಡಿ. ಸುತ್ತಮುತ್ತ ಇದ್ದರೆ ನಾನೇ ಬರ್ತಿದ್ದೆ, ಈಗ ತುಮಕೂರಲ್ಲಿ ಕೆಲಸ ನಡೀತಿದೆ.

ನಾಲ್ಕನೇ_ಮಹಡಿ
ನಾಳೆ ಬೆಳಿಗ್ಗೆಯೇ ಮಾಡಿಸ್ತೀನಿ ಅಣ್ಣಾ. ಸದ್ಯಕ್ಕೆ ಟಾರ್ಪಾಲು ಹೊದಿಸಿ ನಾಲ್ಕು ಇಟ್ಟಿಗೆ ಇಟ್ಟು ಬಂದೆ.